ಲಾಮುವಿನಲ್ಲಿ ಹೊತ್ತು ಮುಳುಗಿದಾಗ

ಹುಕ್ಕೇರಿ ಬಸ್ ಸ್ಟ್ಯಾಂಡಿನ ಎದುರು ಈಗೊಂದು ವಾರದಿಂದ ಸಂಜೆಯಾದರೆ ಕೈಗಾಡಿಗಳು ಸಾಲುಗಟ್ಟುತ್ತವೆ. ರೋಜಾದ ತಿಂಗಳು. ಖಜೂರ, ಕಲ್ಲಂಗಡಿ ಹೋಳು, ಬಿಸಿ ಬಿಸಿ ಭಜಿ. ನಿನ್ನೆ ಗೋಕಾಕದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಆ ಗಾಡಿಗಳ ಕಡೆಯಿಂದ ಏಲಕ್ಕಿ ಹಾಕಿದ ಹಿಟ್ಟು ಎಣ್ಣೆಯಲ್ಲಿ ಕರಿಯುವ ವಾಸನೆ ಬಂತು. ಮೊದಲು ಬಾಯಲ್ಲಿ ನೀರು ಬಂತು, ಆಮೇಲೆ ನೆನಪು ಬಂತು. ನನ್ನ ಮಟ್ಟಿಗೆ ಇವೆರಡೂ ಯಾವಾಗಲೂ ಇದೇ ಕ್ರಮದಲ್ಲಿ ಬರುತ್ತವೆ, ಸುಳ್ಳೇಕೆ ಹೇಳಲಿ.

ನೆನಪಾದದ್ದು ಲಾಮು. ಅದೆಲ್ಲಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಬೇಸರಪಡಬೇಡಿ. ಮೂಡಲಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ನನಗೂ ಗೊತ್ತಿರಲಿಲ್ಲ. ಆಫ್ರಿಕಾದ ಪೂರ್ವಕ್ಕೆ, ಕೀನ್ಯಾ ದೇಶದ ಸಮುದ್ರದಂಚಿನಲ್ಲಿ ಒಂದು ಚಿಕ್ಕ ನಡುಗಡ್ಡೆ. ಅದರ ಮೇಲೆ ನೂರಾರು ವರ್ಷಗಳಷ್ಟು ಹಳೆಯ ಊರು. ಹವಳದ ಕಲ್ಲಿನ ಮನೆಗಳು, ಕೆತ್ತನೆಯ ಬಾಗಿಲುಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತು ನಿಲ್ಲಬೇಕಾದಷ್ಟು ಸಣ್ಣ ಓಣಿಗಳು. ಓಣಿಗಳಲ್ಲಿ ಮೋಟಾರು ನುಗ್ಗುವ ಮಾತೇ ಇಲ್ಲ, ಸಾಮಾನು ಹೊರುವುದೆಲ್ಲ ಕತ್ತೆಗಳು. ಸ್ವಾಹಿಲಿ ಮಾತಾಡುವ ಜನ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ನಮ್ಮವರ ಹಾಗೆಯೇ, ಹೋಗಿ ಬರುವವರನ್ನೆಲ್ಲ ವಿಚಾರಿಸುತ್ತಾರೆ.

ನಾವು ಅಲ್ಲಿಗೆ ಹೋದದ್ದು ಮೂರು ವರ್ಷದ ಹಿಂದೆ. ನನ್ನ ತಮ್ಮ ಭರತೇಶ ಕೀನ್ಯಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಕೆಲಸದಲ್ಲಿದ್ದಾನೆ. ಕಬ್ಬಿನ ಸೀಮೆಯಲ್ಲಿ ಆ ವಿದ್ಯೆ ಕಲಿತವರಿಗೆ ಆಫ್ರಿಕಾ ಎಂದರೆ ಘಟಪ್ರಭಾ ದಾಟಿದಷ್ಟೇ ದೂರ. ಅವನು ಬಾ ಬಾ ಎಂದು ಕರೆದ. ನಾನು ರಿಟೈರಾಗಿದ್ದೆ, ಹೊರಟೆ. ಜೊತೆಗೆ ಬರುತ್ತೇನೆಂದು ಹೊರಟು ನಿಂತವಳು ಚಂಪಾ ಅತ್ತಿ. ಅಲ್ಲಿಂದಲೇ ನನ್ನ ಕಷ್ಟ ಶುರುವಾಯಿತು.

ಚಂಪಾ ಅತ್ತಿ ನಮ್ಮಪ್ಪನ ತಂಗಿ. ಮಮದಾಪುರದಲ್ಲಿ ಇರುತ್ತಾಳೆ. ಆಗ ಎಪ್ಪತ್ತೈದು ವಯಸ್ಸು. ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರೂ ಬಾಯಿಗೆ ಹಾಕುವುದಿಲ್ಲ ಎಂಬ ನೇಮವನ್ನು ನಲವತ್ತು ವರ್ಷದಿಂದ ಹಿಡಿದವಳು. ನಮ್ಮ ಜೈನರಲ್ಲಿ ಇದೇನು ಹೊಸ ನೇಮವಲ್ಲ. ನಾನೂ ಜೈನನೇ. ಆದರೆ ನನ್ನ ನೇಮ ಎಷ್ಟರದೆಂದು ಮೂಡಲಗಿಯ ಖಾನಾವಳಿಯವರನ್ನು ಕೇಳಿದರೆ ಹೇಳುತ್ತಾರೆ. ಅತ್ತಿಯದು ಹಾಗಲ್ಲ. ಅವಳ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಒಲೆ ಉರಿಯುವುದಿಲ್ಲ, ಸೌಟು ಅಲ್ಲಾಡುವುದಿಲ್ಲ. ತಾನು ಉಣ್ಣುವುದಿಲ್ಲ ಅಷ್ಟೇ ಅಲ್ಲ, ಇನ್ನೊಬ್ಬರಿಗೆ ಬಡಿಸುವುದೂ ಇಲ್ಲ. ಬಸ್ಸು ತಡವಾಗಿ ಬಂದ ನೆಂಟರಿಗೆ ಹಾಸಿಗೆ ಸಿಗುತ್ತಿತ್ತು, ಜೊತೆಗೆ ರಾತ್ರಿ ಉಂಡರೆ ಎಷ್ಟು ಜೀವಗಳು ಸಾಯುತ್ತವೆ ಎಂಬ ವಿವರಣೆ ಸಿಗುತ್ತಿತ್ತು. ಹೀಗಾಗಿ ಮಮದಾಪುರಕ್ಕೆ ಹೋಗುವ ನಮ್ಮ ಬಳಗದವರೆಲ್ಲ ಗೋಕಾಕದಲ್ಲೇ ಹೊಟ್ಟೆ ತುಂಬಿಸಿಕೊಂಡು, ಬಾಯಿ ಒರೆಸಿಕೊಂಡು ಬಸ್ಸು ಹತ್ತುತ್ತಿದ್ದರು.

ತಮ್ಮನ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಒಮರ್ ಎಂಬ ಹುಡುಗ ಇದ್ದ. ಲಾಮು ಅವನ ಊರು. ಅಲ್ಲಿ ಅವನ ತಾಯಿ ಒಬ್ಬಳೇ ಇರುತ್ತಾಳೆ, ಮೇಲಿನ ಮಾಳಿಗೆ ಖಾಲಿ ಇದೆ, ನಾಲ್ಕು ದಿನ ಇದ್ದು ಸಮುದ್ರ ನೋಡಿಕೊಂಡು ಬನ್ನಿ ಎಂದ. ನಾನು ಫೋನಿನಲ್ಲಿ ಅವನಿಗೆ ಅತ್ತಿಯ ಊಟದ ಪಟ್ಟಿ ಓದಿದೆ. ಮಾಂಸ ಇಲ್ಲ, ಮೀನು ಇಲ್ಲ, ತತ್ತಿ ಇಲ್ಲ, ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟಿ ಇಲ್ಲ, ಗಜ್ಜರಿ ಇಲ್ಲ. ಹುಡುಗ, ಹಾಗಾದರೆ ಏನು ಇದೆ ಎಂದು ಕೇಳಿದ. ಕೊನೆಗೆ ನಾನು, ಊಟದ ವೇಳೆ ಯಾವುದಪ್ಪಾ ಎಂದೆ. ಈಗ ನಮ್ಮ ಮನೆಯಲ್ಲಿ ಹನ್ನೆರಡೂವರೆಗೆ ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಧ್ಯಾಹ್ನದ ಹನ್ನೆರಡೂವರೆ ಎಂದರೆ ಅತ್ತಿಯ ನೇಮಕ್ಕೆ ಹೇಳಿ ಮಾಡಿಸಿದ ಹೊತ್ತು.

ಬೆಳಿಗ್ಗೆ ವಿಮಾನ ಇಳಿದು ದೋಣಿಯಲ್ಲಿ ದಾಟಿ ಊರು ಸೇರಿದೆವು. ಒಮರನ ತಾಯಿಯ ಹೆಸರು ಬೀ ಸಲ್ಮಾ. ಅಲ್ಲಿ ಬೀ ಎಂದರೆ ನಮ್ಮಲ್ಲಿ ಬಾಯಿ ಎಂದ ಹಾಗೆ, ಗೌರವಕ್ಕೆ. ಅತ್ತಿ ಅವಳನ್ನು ಮೊದಲ ಗಳಿಗೆಯಿಂದಲೇ ಸಲ್ಮಾಬಾಯಿ ಎಂದಳು. ಅವಳಿಗೂ ಎಪ್ಪತ್ತು ದಾಟಿತ್ತು. ಪಕ್ಕದ ಗುಜರಾತಿ ಅಂಗಡಿಯವರಿಂದಲೂ ಹಿಂದಿ ಸಿನಿಮಾಗಳಿಂದಲೂ ಒಂದು ತರಹದ ಹಿಂದಿ ಕಲಿತಿದ್ದಳು. ಅತ್ತಿಗೆ ಮರಾಠಿ ಬೆರೆತ ಒಂದು ತರಹದ ಹಿಂದಿ ಬರುತ್ತಿತ್ತು. ಎರಡೂ ತರಹ ಕೂಡಿ ಕೆಲಸ ನಡೆಯಿತು. ಅವಳು ‘ಹಬಾರಿ’ ಎಂದು ಕ್ಷೇಮ ಕೇಳಿದರೆ ಅತ್ತಿ ಊರಿನ ಖಬರು ಹೇಳುತ್ತಿದ್ದಳು. ಎಂ.ಎ. ಮಾಡಿದ ನಾನು ಇಬ್ಬರ ನಡುವೆ ಚೀಲ ಹಿಡಿದುಕೊಂಡು ನಿಂತಿದ್ದೆ.

ಓಣಿಯಲ್ಲಿ ಕತ್ತೆಗಳ ಸಾಲು ಹೋಗುತ್ತಿತ್ತು. ಅತ್ತಿ ಅವುಗಳನ್ನು ನೋಡಿ ಹೇಳಿದಳು: “ಇಷ್ಟ ದೂರ ವಿಮಾನದಾಗ ಕುಂತ ಬಂದು ಕತ್ತಿ ನೋಡಬೇಕಾತು ನೋಡ. ಗೋಕಾಕದಾಗೇನ ಕಡಿಮಿ ಅದಾವ?”

ಹನ್ನೆರಡೂವರೆ ಆಯಿತು. ಮನೆ ಸುಮ್ಮನಿತ್ತು. ಒಂದಾಯಿತು. ಒಲೆಯ ಹೊಗೆಯಿಲ್ಲ, ಪಾತ್ರೆಯ ಸಪ್ಪಳವಿಲ್ಲ. ಊರೇ ಮಲಗಿದಂತಿತ್ತು. ಅತ್ತಿ ಯಾರ ಮೇಲೂ ಭರವಸೆ ಇಟ್ಟು ಊರು ಬಿಡುವವಳಲ್ಲ. ಮಾಳಿಗೆಯಲ್ಲಿ ಕುಳಿತು ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಉಂಡಳು. ನಾನೂ ಉಂಡೆ. ಆಮೇಲೂ ಹಸಿವಾಗಿ, ಬೀ ಸಲ್ಮಾಗೆಂದು ಒಯ್ದಿದ್ದ ಕರದಂಟಿನ ಡಬ್ಬಿಯನ್ನು, ಹಾಳಾಗಿದೆಯೋ ನೋಡೋಣವೆಂದು, ತೆರೆದೆ. ಹಾಳಾಗಿರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಮತ್ತೆ ಎರಡು ಸಲ ನೋಡಿದೆ.

ಸಂಜೆ ಹೊತ್ತು ಮುಳುಗಿತು. ಅಲ್ಲಿ ಭೂಮಧ್ಯರೇಖೆ ಹತ್ತಿರ, ಮುಸ್ಸಂಜೆ ಎಂಬುದು ಹೆಸರಿಗೆ ಮಾತ್ರ. ಸೂರ್ಯ ಹಗ್ಗ ಹರಿದ ಕೊಡದ ಹಾಗೆ ಬೀಳುತ್ತಾನೆ. ಇದನ್ನು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ನಂಬಿರಲಿಲ್ಲ. ಮಸೀದಿಗಳಿಂದ ಬಾಂಗು ಕೇಳಿದ ಕೂಡಲೇ ಕೆಳಗಿನಿಂದ ಬೀ ಸಲ್ಮಾ, ಹನ್ನೆರಡೂವರೆ ಆಯಿತು, ಊಟಕ್ಕೆ ಬನ್ನಿ ಎಂದು ಕರೆದಳು. ನನ್ನ ಗಡಿಯಾರ ಆರೂವರೆ ತೋರಿಸುತ್ತಿತ್ತು.

ಆಗ ತಿಳಿಯಿತು. ಸ್ವಾಹಿಲಿ ಜನ ತಾಸು ಎಣಿಸುವುದು ಹೊತ್ತು ಹುಟ್ಟಿದಾಗಿನಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ಸಂಜೆಯ ಆರು ಅವರಿಗೆ ಹನ್ನೆರಡು. ಮತ್ತೊಂದೂ ತಿಳಿಯಿತು: ಅದು ರೋಜಾದ ತಿಂಗಳು. ಕೆಲಸದಲ್ಲಿದ್ದಾಗ ನನಗೆ ಹಬ್ಬಗಳೆಲ್ಲ ರಜೆಯ ಪಟ್ಟಿಯಿಂದ ಗೊತ್ತಾಗುತ್ತಿದ್ದವು, ರಿಟೈರಾದ ಮೇಲೆ ಆ ಪಟ್ಟಿ ನೋಡುವುದನ್ನೇ ಬಿಟ್ಟಿದ್ದೆ. ಹಗಲು ಉಣ್ಣದ ಊರಿಗೆ, ರಾತ್ರಿ ಉಣ್ಣದ ಅತ್ತಿಯನ್ನು ಕರೆದುಕೊಂಡು ಬಂದಿದ್ದೆ.

ಭೂಗೋಳದ ಮಾಸ್ತರನಿಗೆ ಎಷ್ಟು ನಾಚಿಕೆಯಾಗಿರಬೇಕು ನೀವೇ ಊಹಿಸಿ. ಆದರೆ ತಾಸಿನ ವಿಷಯ ಕೇಳಿ ಅತ್ತಿಗೆ ಏನೂ ಆಶ್ಚರ್ಯವಾಗಲಿಲ್ಲ. “ಮತ್ತ ದಿನಾ ಸುರು ಆಗೂದು ಹೊತ್ತು ಹುಟ್ಟಿದಾಗ ಅಲ್ಲೇನೋ? ನಿನ್ನ ಗಡಿಯಾರ ನಡರಾತ್ರ್ಯಾಗ ಎದ್ದು ಮಾಡೂದಾದರೂ ಏನೈತಿ?” ಎಂದಳು. ಅವಳೂ ಜೀವನವಿಡೀ ಹೊತ್ತು ಹುಟ್ಟಿ ಎರಡು ತಾಸು, ಮೂರು ತಾಸು ಎಂದೇ ಎಣಿಸಿದವಳು. ಆ ಮನೆಯಲ್ಲಿ ತಪ್ಪು ವೇಳೆ ತೋರಿಸುತ್ತಿದ್ದದ್ದು ನನ್ನ ಮುಂಗೈ ಒಂದೇ. ಆ ಸಂಜೆ ಅತ್ತಿ ಬಾಯಿ ಮುಚ್ಚಿ ಮೇಲೆ ಕುಳಿತಳು. ನಾನು ಇಬ್ಬರ ಪಾಲಿನದೂ ಉಂಡೆ. ಏಲಕ್ಕಿ ಹಾಕಿ ಕರಿದ ಉಬ್ಬು ರೊಟ್ಟಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳು. ನಿನ್ನೆ ಹುಕ್ಕೇರಿಯಲ್ಲಿ ಬಂದದ್ದು ಆ ರೊಟ್ಟಿಯದೇ ವಾಸನೆ.

ಮಾರನೆಯ ದಿನ ಮಧ್ಯಾಹ್ನ ಕೆಳಗೆ ಪಾತ್ರೆಯ ಸಪ್ಪಳ ಕೇಳಿತು. ಇಳಿದು ನೋಡಿದರೆ ಬೀ ಸಲ್ಮಾ ಒಲೆಯ ಮುಂದೆ ಬೆವರುತ್ತ ಅನ್ನ ಬೇಯಿಸುತ್ತಿದ್ದಳು. ಅತ್ತಿಗೆಂದೇ. ಮೀನು ಮುಟ್ಟದ ಪಾತ್ರೆ ಬೇಕೆಂದು ಬೆಳಿಗ್ಗೆ ಪೇಟೆಗೆ ಹೋಗಿ ಹೊಸ ಪಾತೇಲಿ ತಂದಿದ್ದಳು. ಅತ್ತಿ ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯುವುದನ್ನು ಹಿಂದಿನ ದಿನ ನೋಡಿ, ಕೊಡದ ಬಾಯಿಗೆ ತನ್ನದೇ ಒಂದು ತೊಳೆದ ಬಟ್ಟೆ ಕಟ್ಟಿದ್ದಳು. ಉಪ್ಪು ಸರಿಯಾಗಿದೆಯೋ ನೋಡುವಂತಿಲ್ಲ, ಏಕೆಂದರೆ ಅವಳು ಬೆಳಗಿನಿಂದ ಗುಟುಕು ನೀರನ್ನೂ ಕುಡಿದಿರಲಿಲ್ಲ. ಅಂದಾಜಿನ ಮೇಲೆ ಚಿಟಿಕೆ ಹಾಕಿ, ದೇವರನ್ನು ನೆನೆದು ಮುಚ್ಚಿದಳು.

ಅತ್ತಿ ಇದೆಲ್ಲವನ್ನೂ ಮೆಟ್ಟಿಲ ಮೇಲೆ ನಿಂತು ನೋಡಿದಳು. ನೋಡಿ, ಉಣ್ಣುವುದಿಲ್ಲ ಎಂದಳು.

“ಉಪಾಸ ಇದ್ದಾಕಿ ಕಡಿಂದ ಅಡಗಿ ಮಾಡಿಸ್ಕೊಂಡು, ಆಕಿ ಮುಂದ ಕುಂತ ಉಣ್ಣಲೇನು? ನನ್ನ ಕಡಿಂದ ಆಗಂಗಿಲ್ಲ. ಆಕಿ ಉಂಡಾಗ ಉಣತೇನಿ.”

“ಆಕಿ ಉಣ್ಣೂದು ಹೊತ್ತು ಮುಳಗಿದ ಮ್ಯಾಲ, ಅತ್ತಿ.”

“ಹಂಗಾರ ಉಣ್ಣೂದಿಲ್ಲ.”

ನಾನು ಹೆದರಿದ್ದು ಇದಕ್ಕೇ. ಅತ್ತಿಗೆ ಶುಗರ್ ಇದೆ. ಬೆಳಿಗ್ಗೆ ಗುಳಿಗೆ ನುಂಗಿದ್ದಾಳೆ. ಗುಳಿಗೆ ನುಂಗಿ ಉಣ್ಣದಿದ್ದರೆ ಏನಾಗುತ್ತದೆಂದು ಗೋಕಾಕದ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿ ಕಳಿಸಿದ್ದರು. ನಾನು ಬೇಡಿದೆ, ಗದರಿದೆ, ಮೇಲೆ ಹೋಗಿ ರೊಟ್ಟಿಯನ್ನಾದರೂ ತಿನ್ನು ಎಂದೆ. ಮರೆಯಲ್ಲಿ ತಿಂದರೆ ಅದು ಕಳ್ಳತನವಾಗುತ್ತದೆ ಎಂದು ನನ್ನ ಮುಖವನ್ನೇ ನೋಡಿದಳು. ಕರದಂಟಿನ ಡಬ್ಬಿಯ ಸಂಗತಿ ಅವಳಿಗೆ ಗೊತ್ತಿತ್ತೋ ಏನೋ, ನಾನು ಅಲ್ಲಿಂದ ಜಾಗ ಖಾಲಿ ಮಾಡಿದೆ.

ನಮ್ಮ ಲೆಕ್ಕದ ಐದು ಗಂಟೆಗೆ ಅವಳು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಳು. ಹಣೆಯ ಮೇಲೆ ಬೆವರು, ಕೈ ಸಣ್ಣಗೆ ನಡುಗುತ್ತಿತ್ತು. ವೈದ್ಯರನ್ನು ಎಲ್ಲಿ ಹುಡುಕಲಿ, ತಮ್ಮನಿಗೆ ಏನು ಹೇಳಲಿ, ಈ ಮುದುಕಿಯನ್ನು ಈ ದಂಡೆಯಲ್ಲಿ ಕಳೆದುಕೊಂಡು ಯಾವ ಮುಖ ಹೊತ್ತು ಮಮದಾಪುರಕ್ಕೆ ಹೋಗಲಿ ಎಂದು ಓಡಿಹೋಗಿ ಬೀ ಸಲ್ಮಾಳನ್ನು ಕರೆದೆ. ನಡೆದದ್ದೆಲ್ಲವನ್ನೂ ತಡವರಿಸುತ್ತ ಹೇಳಿದೆ.

ಅವಳು ಬಂದು ಅತ್ತಿಯ ಪಕ್ಕ ಕುಳಿತಳು. ಕೈ ಹಿಡಿದು ಅವಳು ತನ್ನ ಹಿಂದಿಯಲ್ಲಿ ಹೇಳಿದ ಮಾತನ್ನು ನಮ್ಮ ಮಾತಿಗೆ ತಿರುಗಿಸಿದರೆ ಹೀಗಾಗುತ್ತದೆ:

“ನನ್ನ ಹಸಿವು ನಾ ನನ್ನ ದೇವರಿಗೆ ಕೊಟ್ಟೇನಿ. ನೀ ನಿನ್ನ ಹಸಿವು ಯಾರಿಗೆ ಕೊಡಾಕತ್ತಿ? ನನಗೇನು? ನನಗ ಬ್ಯಾಡ. ತಿರುಗಿ ತೊಗೋ.”

ಎಪ್ಪತ್ತೈದು ವರ್ಷದಲ್ಲಿ ಚಂಪಾ ಅತ್ತಿಗೆ ಯಾರೂ ಹಾಗೆ ಹೇಳಿರಲಿಲ್ಲ. ನಾವೆಲ್ಲ ಅವಳ ನೇಮಕ್ಕೆ ಹೆದರಿ ದಾರಿಯಲ್ಲೇ ಉಂಡು ಹೋದವರು. ಇವಳಿಗೆ ಹೆದರಿಕೆ ಇರಲಿಲ್ಲ, ತನ್ನದೂ ಅಷ್ಟೇ ಗಟ್ಟಿಯಾದ ನೇಮ ಇತ್ತು. ಅತ್ತಿ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು. ಆಮೇಲೆ, “ಬಡಸ” ಎಂದಳು.

ಬೀ ಸಲ್ಮಾ ಬಡಿಸಿದಳು. ಅನ್ನಕ್ಕೆ ಉಪ್ಪು ಬಹಳವಾಗಿತ್ತೆಂದು ಆಮೇಲೆ ನಾನು ಉಂಡಾಗ ಗೊತ್ತಾಯಿತು. ಅತ್ತಿ ಉಪ್ಪಿನ ಸುದ್ದಿ ಎತ್ತದೆ ಅಷ್ಟನ್ನೂ ಉಂಡಳು. ಅವಳ ಕೈ ನಡುಗುವುದು ನಿಲ್ಲುವವರೆಗೆ ನಾನು ಗೋಡೆ ಹಿಡಿದು ನಿಂತಿದ್ದೆ. ಕೈ ತೊಳೆದು, ಬಾಯಿ ಮುಕ್ಕಳಿಸಿ, ನೇಮದ ಪ್ರಕಾರ ಕೊನೆಯ ಗುಟುಕು ನೀರು ಕುಡಿದು ಕೆಳಗಿಟ್ಟಳು. ಇಬ್ಬರೂ ಅಂಗಳದ ಮೇಲಿನ ಆಕಾಶ ನೋಡುತ್ತ ಕುಳಿತರು. ಒಬ್ಬಳ ಬಾಯಿ ಮುಚ್ಚಿತ್ತು, ಇನ್ನೊಬ್ಬಳದು ಇನ್ನೂ ತೆರೆದಿರಲಿಲ್ಲ.

ಬಾಂಗು ಆಯಿತು. ಬೀ ಸಲ್ಮಾ ಖಜೂರದ ತಟ್ಟೆಗೆ ಕೈ ಚಾಚುವಷ್ಟರಲ್ಲಿ ಅತ್ತಿ ಆ ತಟ್ಟೆಯನ್ನು ತಾನೇ ಎತ್ತಿಕೊಂಡು ಅವಳ ಮುಂದೆ ಹಿಡಿದಳು. ನಲವತ್ತು ವರ್ಷ ದೀಪ ಹಚ್ಚಿದ ಮೇಲೆ ಯಾರಿಗೂ ತುತ್ತು ನೀಡದ ಕೈ ಅದು. ನಾನು ಮೂರ್ಖ, ಬಾಯಿ ಮುಚ್ಚಿಕೊಂಡಿರಬಾರದೇ? ಹೊತ್ತು ಮುಳುಗಿದೆ ಅತ್ತಿ ಎಂದು ನೆನಪು ಮಾಡಿಕೊಟ್ಟೆ.

“ನನಗೂ ಕಣ್ಣ ಅದಾವ. ಬಾಯಿ ಮುಚ್ಚೈತಿ, ತಮ್ಮಾ. ಕೈ ಮುಚ್ಚಿಲ್ಲ.”

ಖಜೂರ ಕೊಟ್ಟಳು, ನೀರು ಕೊಟ್ಟಳು, ತೊಗರಿಕಾಳು ಬಡಿಸಿದಳು, ಸಾಕು ಎಂದರೂ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ನೋಡುತ್ತ ನಾನೂ ನಾಲ್ಕು ರೊಟ್ಟಿ ಇಳಿಸಿದೆ, ಅದು ಬೇರೆ ಮಾತು. ಉಳಿದ ದಿನಗಳೂ ಹೀಗೆಯೇ ನಡೆದವು: ಹಗಲು ಅವಳು ಇವಳಿಗೆ ಬಡಿಸುವುದು, ಮುಳುಗಿದ ಮೇಲೆ ಇವಳು ಅವಳಿಗೆ. ನಾನು ಎರಡೂ ಪಂಕ್ತಿಯಲ್ಲಿ ಕುಳಿತೆ. ಲಾಮುವಿನಲ್ಲಿ ಹಳೆಯ ಕೋಟೆ ಇದೆ, ವಸ್ತುಸಂಗ್ರಹಾಲಯ ಇದೆ ಎನ್ನುತ್ತಾರೆ. ನಾವು ನೋಡಲಿಲ್ಲ.

ನಿನ್ನೆ ಬಸ್ಸು ನನ್ನನ್ನು ಮಮದಾಪುರದಲ್ಲಿ ಇಳಿಸಿದಾಗ ಎಂಟು ಗಂಟೆಯಾಗಿತ್ತು. ದಾರಿಯಲ್ಲಿ ಎಲ್ಲೂ ಉಂಡಿರಲಿಲ್ಲ, ಈಗ ಹಾಗೆ ಉಂಡು ಹೋಗುವ ಅಗತ್ಯವಿಲ್ಲ. ಅತ್ತಿ ಕಟ್ಟೆಯ ಮೇಲೆ ಕುಳಿತಿದ್ದಳು. ಮೊದಲಾಗಿದ್ದರೆ ಆ ಹೊತ್ತಿಗೆ ಒಂದು ನಿದ್ದೆ ಮುಗಿಸಿರುತ್ತಿದ್ದಳು. ಪಕ್ಕದ ಮನೆಯ ಸೊಸೆ, ಈ ತಿಂಗಳು ಬಂದರೆ ಅಜ್ಜಿಗೆ ನಿದ್ದಿ ಬರೂದಿಲ್ರಿ, ಒಂಬತ್ತರ ಮಟಾ ಹಿಂಗ ಕುಂತಿರತಾರ್ರಿ ಎಂದು ನನ್ನ ಹತ್ತಿರ ಪಿಸುಗುಟ್ಟಿದಳು.

ಯಾಕೆಂದು ನನಗೂ ಗೊತ್ತಿರಲಿಲ್ಲ. ಅತ್ತಿ ಒಳಗೆ ಹೋಗಿ ತಾಟು ಇಡಲು ಎದ್ದವಳು, ಲಾಮುವಿನಲ್ಲಿ ಈಗ ಹೊತ್ತು ಎಲ್ಲಿದೆ ಎಂದು ಕೇಳಿದಳು. ನಾನು ಲೆಕ್ಕ ಹಾಕಿದೆ. ಅವರು ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ಇನ್ನೂ ಮುಳುಗಿಲ್ಲ, ಇನ್ನೊಂದು ತಾಸು ಬೇಕು ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅರ್ಥವಾಯಿತು. ತಾಟು ಈಗ ಬೇಡ, ಆಮೇಲೆ ಉಣ್ಣುತ್ತೇನೆ ಎಂದು ನಾನೂ ಕಟ್ಟೆಯ ಮೇಲೆ ಕುಳಿತೆ. ನನ್ನ ಹೊಟ್ಟೆಯ ಚರಿತ್ರೆಯಲ್ಲಿ ಇದು ಮೊದಲು. ಅತ್ತಿ ಮತ್ತೆ ಕುಳಿತು, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

“ಎಷ್ಟಾತೋ?”

“ಒಂಬತ್ತಾಗಿ ಐದ ನಿಮಿಷ.”

ಅವಳು ಸೆರಗು ಕೊಡವಿಕೊಂಡು ಎದ್ದಳು. “ಆಕಿ ಉಣ್ಣಾಕ ಕುಂತಿರತಾಳ. ಏಳ, ನಿನಗೂ ಬಡಸ್ತೇನಿ.”