ಮೆರ್ಲ್‌ನ ಹೆಬ್ಬೆರಳಿನ ತೂತು

ಹೇಫೋರ್ಕ್ ಎಂಬ ಊರಿನ ಮರದ ಮಿಲ್ಲಿನಲ್ಲಿ ಲೈಲ್ ಟ್ರಂಬೋ ಜೀವಮಾನವಿಡೀ ಗರಗಸಗಳಿಗೆ ಸಾಣೆ ಹಿಡಿದ. ಗರಗಸ ಹರಿತವಾಯಿತು, ನಾಲಗೆ ಆಗಲಿಲ್ಲ. ಒಂದು ಮಾತಾಡಬೇಕೆಂದರೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ತಮ್ಮನ ಪಾಲಿನ ಮಾತನ್ನೂ ಅಣ್ಣ ಮೆರ್ಲ್ ನುಂಗಿದ್ದಾನೆಂದು ಊರವರ ಅಂಬೋಣ.

ಅದೇ ಮಿಲ್ಲು ಮೆರ್ಲ್‌ನ ಬಲಗೈಯ ಕೊನೆಯ ಎರಡು ಬೆರಳುಗಳನ್ನು ತಿಂದಿತ್ತು. ಬಂದೂಕು ಕೈಯಲ್ಲಿ ನಿಲ್ಲದಾದಾಗ, ಅದರ ಮರದ ಹಿಡಿಯಲ್ಲಿ ಹೆಬ್ಬೆರಳು ತೂರುವಂತೆ ತೂತು ಕೊರೆದುಕೊಂಡ. ಆಮೇಲೆ ಎಷ್ಟೋ ಚಳಿಗಾಲ ಮನೆಯವರು ಜಿಂಕೆಯ ಮಾಂಸ ತಿಂದದ್ದು ಆ ತೂತಿನ ದಯೆಯಿಂದ.

ವರ್ಷಗಳು ಕಳೆದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯದ ಕಣ್ಣು ಇಂಥ ತೂತುಗಳ ಮೇಲೆ ಬಿತ್ತು. ತಾನಾಗಿ ಮುಂದಿನ ಗುಂಡು ತುಂಬಿಕೊಳ್ಳುವ, ಗುಂಡಿನ ಪೆಟ್ಟಿಗೆ ಕಳಚಲು ಬರುವ ಬಂದೂಕಿಗೆ ಅದು ಇರಕೂಡದು. ಮೆರ್ಲ್‌ನದು ಅಂಥದೇ ಬಂದೂಕು. "ತೂತು ಮೊದಲು ಹುಟ್ಟಿದ್ದು, ಕಾನೂನು ಆಮೇಲೆ. ಚಿಕ್ಕವರು ದೊಡ್ಡವರಿಗೆ ಮರ್ಯಾದೆ ಕೊಡ್ಲಿ," ಎಂದಿದ್ದ ಮೆರ್ಲ್. ಆ ಹಟದಲ್ಲೇ ಈ ವಸಂತದಲ್ಲಿ ತೀರಿಕೊಂಡ.

ಬಂದೂಕು ಹೆಂಡತಿ ನೇಡೀನಳ ಪಾಲಿಗೆ ಬಂತು. ಅವಳು ಮೈದುನನನ್ನು ಕರೆಸಿದಳು.

"ಕಾನೂನಿಗೆ ಸರಿಹೋಗೋ ಹಾಗೆ ಮಾಡ್ಕೊಡು ಲೈಲ್. ಇಲ್ದಿದ್ರೆ ಶೆರಿಫ್‌ಗೆ ಕೊಟ್ಬಿಡ್ತೀನಿ, ಕರಗಿಸ್ಕೊಳ್ಲಿ. ಈ ವಯಸ್ಸಲ್ಲಿ ಜೈಲೂಟ ನಂಗೆ ಜೀರ್ಣ ಆಗಲ್ಲ."

"ಪ್ಲಾಸ್ಟಿಕ್ ಹಿಡಿ ಸಿಗತ್ತೆ, ಅತ್ತಿಗೆ."

"ನಾನು ಪ್ಲಾಸ್ಟಿಕ್ಕನ್ನ ಮದುವೆ ಆಗಿದ್ನಾ? ಅವನ ಕೈಬೆವರು ಕುಡಿದಿರೋದು ಆ ಮರ."

ಲೈಲ್ ಹಿಡಿಯನ್ನಷ್ಟೇ ಕಳಚಿ ಮನೆಗೆ ಒಯ್ದ. ಹಿತ್ತಲಲ್ಲಿ ಬಿದ್ದ ಸೇಬಿನ ಮರದ ತುಂಡು ಕೆತ್ತಿ, ಅಂಟು ಹಚ್ಚಿ, ತೂತಿಗೆ ಬಿಗಿದ. ಉಜ್ಜಿ, ಎಣ್ಣೆ ತಿಕ್ಕಿ, ಬಂದೂಕಿನಂಗಡಿಯ ಓಟಿಸನ ಮುಂದಿಟ್ಟ. ಓಟಿಸ್ ತಿರುಗಿಸಿ ನೋಡಿ, ಹೆಬ್ಬೆರಳು ಒತ್ತಿದ.

"ಆಚೆ ಹೋಗಲ್ಲ, ಸರಿ. ಆದ್ರೆ ಕಾನೂನು 'ಆಚೆ ತೂರಬಾರದು' ಅಂತಷ್ಟೇ ಅನ್ನಲ್ಲ ಕಣೋ, 'ಒಳಗೆ ಇಳೀಬಾರದು' ಅಂತಲೂ ಅನ್ನತ್ತೆ. ನೋಡು, ಬೆರಳು ಮಲಗಿಬಿಡ್ತು. ಗರಗಸಕ್ಕೆ ಕೂದಲೆಳೆ ಲೆಕ್ಕ ಇಡೋನು, ಇಂಥಾ ಕುಳಿ ಹೇಗೆ ಬಿಟ್ಟೆ?"

ಲೈಲ್ ಗಂಟಲು ಸರಿಮಾಡಿಕೊಂಡ. ಇನ್ನೊಮ್ಮೆ. ಮತ್ತೊಮ್ಮೆ.

"ಪೂರಾ ಮುಚ್ಚಿದ್ರೆ ಅವನು ಬೆರಳು ಎಲ್ಲಿಡ್ತಾನೆ?"

ಓಟಿಸ್ ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಕೈಗಿತ್ತ.

"ಅವನ ಬೆರಳಿಗೆ ಈಗ ಯಾವ ಕಾನೂನೂ ಇಲ್ಲ, ಲೈಲ್. ನೇಡೀನ್‌ಗಿದೆ."

ಲೈಲ್ ಕುಳಿಗೆ ಇನ್ನೊಂದು ಸೇಬಿನ ಚಕ್ಕೆ ಕೂರಿಸಿದ. ಈ ಸಲ ಉಜ್ಜುವಾಗ ಮರದ ಕಡೆ ನೋಡಲಿಲ್ಲ. ಮಟ್ಟವಾಯಿತೆಂದು ಬೆರಳೇ ಹೇಳಿತು. ಓಟಿಸ್ ಒತ್ತಿ ನೋಡಿ ಸರಿಯೆಂದು ತಲೆಯಾಡಿಸಿದ.

ನೇಡೀನ್ ಹಿಡಿ ಮತ್ತೆ ಜೋಡಿಸಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಹಿಡಿಯ ಕಪ್ಪು ಆಕ್ರೋಟು ಮರದ ನಡುವೆ ಸೇಬಿನ ಮರದ ತಿಳಿಬಣ್ಣ ಮಚ್ಚೆಯಂತೆ ನಿಂತಿತ್ತು. ಅದರ ಮೇಲೆ ಅವಳ ಹೆಬ್ಬೆರಳು ತಂಗಿತು.

"ಇಲ್ಲೇ ಅಲ್ವಾ?"

"ಇಲ್ಲೇ, ಅತ್ತಿಗೆ," ಎಂದ ಲೈಲ್, ಗಂಟಲು ಸರಿಮಾಡಿಕೊಳ್ಳದೆ.