ನಾರ್ಫಕ್‌ನ ದೊಡ್ಡಮನೆ, ಉಗಾರದ ಅವ್ವ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಒಂದು ಭಾನುವಾರ ನನ್ನ ಗಂಡ ನನ್ನ ಕೈಗೆ ಖಾಲಿ ಬುಟ್ಟಿಯೊಂದನ್ನು ಕೊಟ್ಟು ಯಾರದೋ ಹೊಲಕ್ಕೆ ಇಳಿಸಿದರು. ಕಣ್ಣು ಹಾಯುವಷ್ಟು ದೂರ ಸ್ಟ್ರಾಬೆರಿ ಸಾಲುಗಳು. ಅವುಗಳ ನಡುವೆ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಹಣ್ಣು ಬಿಡಿಸುತ್ತಿದ್ದವರು ಆಳುಗಳಲ್ಲ. ಅಲ್ಲಿದ್ದ ಬಿಳಿಗಡ್ಡದವರು ನನ್ನ ಗಂಡನ ಆಸ್ಪತ್ರೆಯ ದೊಡ್ಡ ಡಾಕ್ಟರು, ಅವರ ಪಕ್ಕದಲ್ಲಿ ಟೋಪಿ ಹಾಕಿಕೊಂಡು ಕೂತವರು ಅವರ ಹೆಂಡತಿ.

"ಇದು ಯಾರ ಹೊಲಾರೀ?" ಎಂದು ಕೇಳಿದೆ.

"ಯಾರೋ ರೈತಂದು."

"ನಾವು ಹರಿದು ಕೊಟ್ರ ಅಂವ ಕೂಲಿ ಕೊಡ್ತಾನೇನು?"

"ಇಲ್ಲ. ಹರಿದದ್ದಕ್ಕ ನಾವ ಅಂವಗ ರೊಕ್ಕ ಕೊಡಬೇಕು. ಇದು ಇಲ್ಲಿ ಸೂಟಿ ದಿನದ ಮಜಾ."

ನಾನು ಉಗಾರ ಬುದ್ರುಕದ ಕಬ್ಬಿನ ಮನೆಯವಳು. ಸೂಟಿ ಎಂದರೆ ಹೊಲದಿಂದ ಮನೆಗೆ ಬರುವುದು ಎಂದು ತಿಳಿದವಳು. ಇಲ್ಲಿ ಸೂಟಿ ಸಿಕ್ಕ ಕೂಡಲೇ ಹೊಲಕ್ಕೆ ಓಡುವ ಜನರನ್ನು ಕಂಡು ನಗು ತಡೆಯಲಾಗಲಿಲ್ಲ. ನನ್ನ ನಗು ನೋಡಿ ದೊಡ್ಡ ಡಾಕ್ಟರೂ ಏನೆಂದು ತಿಳಿಯದೆಯೇ ನಕ್ಕರು. ಅದು ೧೯೮೬ರ ಜೂನ್ ತಿಂಗಳು. ನನ್ನ ಗಂಡ ಅಥಣಿಯವರು, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ ಹೆಚ್ಚಿನ ಕಲಿಕೆಗೆಂದು ನಾರ್ಫಕ್ ಎಂಬ ಜಿಲ್ಲೆಯ ಸಣ್ಣ ಆಸ್ಪತ್ರೆಗೆ ಬಂದಿದ್ದರು. ಮದುವೆಯಾದ ಮರುವರ್ಷ ನಾನೂ ಬಂದೆ.

ಇಂಗ್ಲೆಂಡ್ ಎಂದರೆ ಲಂಡನ್ ಎಂದುಕೊಂಡು ಬಂದವಳಿಗೆ ನಾರ್ಫಕ್ ಒಂದು ಸೋಜಿಗ. ಗುಡ್ಡವಿಲ್ಲದ ಬಯಲು, ಹಳೆಯ ಗಾಳಿಗಿರಣಿಗಳು, ಊರಿಗೊಂದು ಕಲ್ಲಿನ ಚರ್ಚು, ಉಳಿದಂತೆ ಬರೀ ಹೊಲ. ಆ ಹೊಲಗಳಲ್ಲಿ ಸಕ್ಕರೆ ಬೆಳೆಯುತ್ತಾರೆ, ಆದರೆ ಕಬ್ಬಿನಲ್ಲಲ್ಲ. ಮೂಲಂಗಿಯಂಥ ಒಂದು ದಪ್ಪ ಗಡ್ಡೆಯನ್ನು ನೆಲದಿಂದ ಕಿತ್ತು, ಟ್ರ್ಯಾಕ್ಟರಿನಲ್ಲಿ ಹೇರಿ ಕಾರ್ಖಾನೆಗೆ ಒಯ್ಯುತ್ತಾರೆ. ಸುಗ್ಗಿಯಲ್ಲಿ ಗಾಳಿ ಈ ಕಡೆ ತಿರುಗಿದರೆ ಬೆಲ್ಲದ್ದಲ್ಲದ, ಆದರೆ ಬೆಲ್ಲವನ್ನು ನೆನಪಿಸುವ ಒಂದು ವಾಸನೆ ಬರುತ್ತಿತ್ತು. ಆ ವಾಸನೆ ಬಂದ ದಿನ ನಾನು ಕಿಟಕಿ ಮುಚ್ಚುತ್ತಿರಲಿಲ್ಲ, ಎಷ್ಟೇ ಚಳಿಯಿದ್ದರೂ.

ಆಸ್ಪತ್ರೆಯವರು ಕೊಟ್ಟ ಮನೆ ಬೆಚ್ಚಗಿತ್ತು. ಬಚ್ಚಲಿಗೂ ಜಮಖಾನೆ ಹಾಸಿದ್ದರು, ಕಾಲಿಗೆ ನೀರು ಹಾಕಿಕೊಳ್ಳಲು ಜಾಗವಿರಲಿಲ್ಲ. ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಊರಿಂದ ತಂದ ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿಯನ್ನು ಅಂಗಡಿಯ ಬ್ರೆಡ್ಡಿಗೆ ಹಚ್ಚಿ ತಿಂದೆವು. ಅದೆಲ್ಲ ನಡೆಯುತ್ತಿತ್ತು. ನಡೆಯದೇ ಹೋದದ್ದು ಮಾತು. ಅಥಣಿಯ ಕಾಲೇಜಿನಲ್ಲಿ ನಾನು ಕಲಿತ ಇಂಗ್ಲಿಷೇ ಬೇರೆ, ಇಲ್ಲಿನವರು ಆಡುವುದೇ ಬೇರೆ. ಸೊಟ್ಟಗಿರುವುದಕ್ಕೆ ‘ಆನ್ ದ ಹಹ್’ ಅನ್ನುತ್ತಾರೆ, ಹುರುಳಿಲ್ಲದ ಹರಟೆಗೆ ‘ಸ್ಕ್ವಿಟ್’ ಅನ್ನುತ್ತಾರೆ. ಅಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ ನಾನು ಸುಮ್ಮನೆ ತಲೆಯಾಡಿಸಿ ಹೊರಬರುತ್ತಿದ್ದೆ.

ನವೆಂಬರಿನಲ್ಲಿ ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲಾಗತೊಡಗಿತು. ಇವರು ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನು ಮತ್ತು ರೇಡಿಯೋ. ಊರಲ್ಲಿ ಬೆಳಗಿನಿಂದ ಸಂಜೆತನಕ ಬಾಯಿಗೆ ಬಿಡುವಿಲ್ಲದೆ ಬೆಳೆದವಳಿಗೆ ಒಂದು ದಿನ ನನ್ನ ದನಿಯೇ ಪರಕೀಯವಾಗಿ ಕೇಳಿಸಿತು. ಅಂದು ಊಟಕ್ಕೆ ಕೂತಾಗ ಹೇಳಿಬಿಟ್ಟೆ.

"ಈ ಚಳಿಗಾಲ ಮುಗಿದ ಮ್ಯಾಲ ನಾ ಊರಿಗೆ ಹೊಕ್ಕೀನ್ರೀ. ನೀವು ಓದು ಮುಗಿಸಿ ಬರ್ರಿ."

ಇವರು ತಟ್ಟೆ ಸರಿಸಿದರು. "ಮಾರ್ಚ್ ಮಟಾ ನೋಡು. ಆಮ್ಯಾಲೂ ಹೋಗ್ಬೇಕು ಅನಿಸಿದ್ರ ಟಿಕೆಟ್ ತಗಸ್ತೀನಿ" ಎಂದರು. ಅವರ ಮುಖ ನೋಡಿ ನನಗೆ ಇನ್ನಷ್ಟು ಸಂಕಟವಾಯಿತು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ.

ಅದಾದ ಮೇಲೆ ಒಂದು ಬಿಸಿಲಿನ ಬೆಳಿಗ್ಗೆ ಹಿತ್ತಲ ಹಗ್ಗದ ಮೇಲೆ ಸೀರೆ ಒಣಹಾಕಿದ್ದೆ. ಸಮುದ್ರದ ಗಾಳಿ ಬೀಸಿ ಅದನ್ನು ಹಾರಿಸಿಕೊಂಡು ಹೋಯಿತು. ಹೊರಗೆ ಓಡಿ ನೋಡಿದರೆ ನನ್ನ ಹಸಿರು ಸೀರೆ ಪಕ್ಕದ ಮನೆಯ ಎಲೆಯುದುರಿದ ಸೇಬಿನ ಗಿಡದ ಮೇಲೆ ಹರಡಿತ್ತು. ಗಿಡದ ಕೆಳಗೆ ಒಬ್ಬ ಎತ್ತರದ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳೇ ಮಾರ್ಗರೆಟ್. ಗಂಡ ತೀರಿಕೊಂಡಿದ್ದ, ಅಂಚೆ ಹಂಚುವ ಕೆಲಸದಿಂದ ನಿವೃತ್ತಳಾಗಿದ್ದಳು. ಅವಳ ಮಾತು ನನ್ನ ನೆನಪಿನಲ್ಲಿ ಉಗಾರದ ಕನ್ನಡದಲ್ಲೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

"ನಂದು ಗಿಡ ಭಾಳ ದಿನದಿಂದ ಬತ್ತಲೆ ನಿಂತಿತ್ತು. ಛಲೋ ಮಾಡಿದಿ" ಎಂದಳು.

ಇಬ್ಬರೂ ನಿಚ್ಚಣಿಕೆ ಹಾಕಿ ಸೀರೆ ಇಳಿಸಿದೆವು. ಅದರ ಒಂದು ತುದಿಯನ್ನು ಅವಳು ಹಿಡಿದು, ಇನ್ನೊಂದನ್ನು ನಾನು ಹಿಡಿದು ಮಡಚುವಾಗ ಅದರ ಉದ್ದಕ್ಕೆ ಅವಳು ಬೆರಗಾದಳು. ನಾನು ಹೊರಟಾಗ, "ಬುಧವಾರ ನಾ ಸಮುದ್ರಕ್ಕ ಹೊಂಟೀನಿ. ನೀನೂ ಬಾ. ಸುಮ್ಮ ಕೂತರೂ ನಡೀತೈತಿ" ಎಂದಳು.

ಹಾಗೆ ಶುರುವಾದವು ನಮ್ಮ ಬುಧವಾರಗಳು. ಮೊದಲ ಸಲ ದೋಣಿಯಲ್ಲಿ ಕೂತು ಸೀಲ್‌ಗಳನ್ನು ನೋಡಲು ಹೋದೆವು. ಮರಳದಿಬ್ಬದ ಮೇಲೆ ನೂರಾರು ಸೀಲ್‌ಗಳು ಕೃಷ್ಣೆಯ ಮಡುವಿನಲ್ಲಿ ಬಿದ್ದುಕೊಂಡ ಎಮ್ಮೆಗಳಂತೆಯೇ ಕಣ್ಣು ಅರೆಮುಚ್ಚಿ ಬಿದ್ದಿದ್ದವು. ಮಾರ್ಗರೆಟ್‌ಗೆ ಎಮ್ಮೆ ಎಂದರೇನೆಂದು ಹೇಳಲು ನನಗೆ ಹಿಂದಿರುಗುವ ದಾರಿಯೆಲ್ಲ ಬೇಕಾಯಿತು. ಅದೇ ನಾನು ಇಂಗ್ಲಿಷಿನಲ್ಲಿ ಆಡಿದ ಮೊದಲ ಉದ್ದನೆಯ ಮಾತು. ಮುಂದೆ ಒಂದು ಗಾಳಿಗಿರಣಿ ಹತ್ತಿದೆವು. ಸೂರು ಹಾರಿಹೋದ ಮಠವೊಂದರ ಗೋಡೆಗಳ ನಡುವೆ ಕೂತು ಥರ್ಮಾಸಿನ ಚಹಾ ಕುಡಿದೆವು. ಒಮ್ಮೆ ಕಲ್ಲಿದ್ದಲಿನ ರೈಲಿನಲ್ಲಿ ಕೂತೆವು. ಊರಲ್ಲಿದ್ದಾಗ ಮಿರಜಿಗೆ ಹೋಗುವಾಗೆಲ್ಲ ಆ ಹೊಗೆಗೆ ಬೈಯುತ್ತ, ಇಳಿದ ಕೂಡಲೇ ತಲೆ ಒರೆಸಿಕೊಳ್ಳುತ್ತಿದ್ದೆವು. ಇಲ್ಲಿ ಜನ ಅದೇ ಹೊಗೆಗೆ ಟಿಕೆಟ್ ತೆಗೆಸಿ, ಕಿಟಕಿಯ ಹೊರಗೆ ತಲೆ ಹಾಕಿ, ಮುಖ ಕರಿ ಮಾಡಿಕೊಂಡು ಖುಷಿಪಡುತ್ತಾರೆ. ನಾನು ತಲೆಮೇಲೆ ಸೆರಗು ಹೊದ್ದುಕೊಂಡದ್ದನ್ನು ಕಂಡು ಮಾರ್ಗರೆಟ್ ತನ್ನ ಕರವಸ್ತ್ರವನ್ನು ಹಾಗೆಯೇ ಹೊದ್ದುಕೊಂಡಳು.

ಮಾರ್ಚ್ ಬಂತು. ಇವರು ಒಂದು ಬೆಳಿಗ್ಗೆ ಬೂಟಿನ ಲಾಡಿ ಕಟ್ಟುತ್ತ, ನನ್ನ ಕಡೆ ನೋಡದೆ, "ಟಿಕೆಟ್ ತಗಸ್ಲೇನು?" ಎಂದರು.

"ಮುಂದಿನ ತಿಂಗಳ ದೊಡ್ಡಮನಿ ತೆರೀತಾರಂತ. ಅದನ್ನ ನೋಡಿ ಹೇಳ್ತೀನ್ರೀ" ಎಂದೆ. ಇವರು ಬಾಗಿಲು ದಾಟಿದ ಮೇಲೆ ಸಿಳ್ಳೆ ಹಾಕುತ್ತ ಹೋದದ್ದು ಕೇಳಿಸಿತು.

ದೊಡ್ಡಮನೆ ಎಂದರೆ ನಾರ್ಫಕ್‌ನಲ್ಲಿ ನಾವಿದ್ದ ಊರಿನಿಂದ ಆಚೆಗಿದ್ದ ಒಂದು ಹಳೆಯ ಜಮೀನ್ದಾರರ ಬಂಗಲೆ. ವಂಶದವರು ಬಿಟ್ಟುಕೊಟ್ಟ ಮೇಲೆ ಅದನ್ನು ಜನರು ನೋಡಲೆಂದು ಹಾಗೆಯೇ ಕಾಪಾಡಿದ್ದರು. ಕೋಣೆಗೊಬ್ಬರಂತೆ ಊರಿನ ಹಿರಿಯರು ಸಂಬಳವಿಲ್ಲದೆ ನಿಂತು, ಬಂದವರಿಗೆ ಆ ಕೋಣೆಯ ಕತೆ ಹೇಳುತ್ತಾರೆ. ಬುಧವಾರಗಳಂದು ಮಾರ್ಗರೆಟ್‌ಳದು ಅಡುಗೆಕೋಣೆ. ಏಪ್ರಿಲ್‌ನಲ್ಲಿ ಮೊದಲ ಸಲ ಅಲ್ಲಿಗೆ ಕಾಲಿಟ್ಟೆ. ಗೋಡೆಯುದ್ದಕ್ಕೂ ತಾಮ್ರದ ಪಾತ್ರೆಗಳು, ಆಳೆತ್ತರದ ಒಲೆ, ಮೂಲೆಯಲ್ಲಿ ಕಲ್ಲಿನ ಒರಳು. ಮೇಲಿನ ಕೋಣೆಗಳ ಚಿನ್ನದ ಚೌಕಟ್ಟಿನ ಚಿತ್ರಗಳು ನನ್ನನ್ನು ದೂರ ನಿಲ್ಲಿಸಿದ್ದವು. ಈ ಕೋಣೆ ಮಾತ್ರ ಒಳಗೆ ಕರೆದು ಕೂರಿಸಿದಂತಾಯಿತು.

ಬೇಸಗೆಯಲ್ಲಿ ಮಾರ್ಗರೆಟ್‌ಳ ಮಂಡಿನೋವು ಹೆಚ್ಚಾಯಿತು. "ನಂಗ ಅರ್ಧ ದಿನಾನ ನಿಲ್ಲಾಕಾಗೂದು. ಉಳಿದರ್ಧ ನೀ ನಿಲ್ಲು" ಎಂದಳು.

"ನನ್ನ ಇಂಗ್ಲಿಷ್ ಯಾರಿಗೆ ತಿಳೀಬೇಕು?"

"ನಂದು ಲಂಡನ್ದವರಿಗೆ ತಿಳೀತೈತೇನು? ನಾ ನಿಂತಿಲ್ಲ?"

ಒಂದು ವಾರ ಕನ್ನಡಿಯ ಮುಂದೆ ನಿಂತು ಉರುಹೊಡೆದೆ. ಒಲೆ ಯಾವ ಕಾಲದ್ದು, ಹಂದಿಯನ್ನು ಹೇಗೆ ಸುಡುತ್ತಿದ್ದರು, ಅಡುಗೆಯಾಳುಗಳು ಎಲ್ಲಿ ಮಲಗುತ್ತಿದ್ದರು. ಇವರು ರೋಗಿಗಳ ನಡುವಿಂದ ಬಂದು ಸುಸ್ತಾಗಿದ್ದರೂ ಕುರ್ಚಿಯಲ್ಲಿ ಕೂತು ಪ್ರವಾಸಿಯಾಗಿ ಪ್ರಶ್ನೆ ಕೇಳುತ್ತಿದ್ದರು. ಬುಧವಾರ ಬಂತು. ಎದೆಯ ಮೇಲೆ ಹೆಸರಿನ ಬಿಲ್ಲೆ ಚುಚ್ಚಿಕೊಂಡು ಒಲೆಯ ಪಕ್ಕ ನಿಂತೆ. ಮೊದಲು ಒಳಗೆ ಬಂದ ಹೆಂಗಸು ಸುತ್ತಲೂ ಕಣ್ಣಾಡಿಸಿ ನೇರವಾಗಿ ನನ್ನ ಬಳಿ ಬಂದಳು. ನಾನು ಒಲೆಯ ಕತೆ ಶುರುಮಾಡಲು ಬಾಯಿ ತೆರೆದೆ. ಅವಳು ಕೇಳಿದ್ದು, ಕಕ್ಕಸು ಎಲ್ಲಿದೆ ಎಂದು.

ಅಂಗಳ ದಾಟಿ, ಕುದುರೆಲಾಯದ ಪಕ್ಕ, ಹಸಿರು ಬಾಗಿಲು. ತಡವರಿಸದೆ ಹೇಳಿದೆ. ಅವಳಿಗೆ ಪೂರ್ತಿ ತಿಳಿಯಿತು, ಅವಸರದಲ್ಲಿ ಸರಿಯಾದ ದಿಕ್ಕಿಗೇ ಹೋದಳು. ಬಾಗಿಲಲ್ಲಿ ನಿಂತಿದ್ದ ಮಾರ್ಗರೆಟ್ ಗೋಡೆ ಹಿಡಿದುಕೊಂಡು ನಕ್ಕಳು. ನನ್ನ ಹೆದರಿಕೆ ಅಲ್ಲಿಗೇ ಹೋಯಿತು. ಆ ಸಂಜೆಯ ಹೊತ್ತಿಗೆ ಒರಳಿನ ಸುತ್ತ ಜನರನ್ನು ನಿಲ್ಲಿಸಿಕೊಂಡು ಹಿಂಡಿ ಕುಟ್ಟುವುದನ್ನು ತೋರಿಸುತ್ತಿದ್ದೆ. ಮನೆಗೆ ಬಂದು ಇವರಿಗೆ, "ಟಿಕೆಟ್ ಬ್ಯಾಡ್ರೀ. ಮುಂದಿನ ಬುಧವಾರಾನೂ ನಾನ ನಿಲ್ಲಬೇಕಂತ" ಎಂದೆ.

ಓದು ಮುಗಿದ ಮೇಲೂ ಇವರು ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಉಳಿದರು. ಐದು ವರ್ಷಗಳ ನಂತರ, ೧೯೯೨ರ ಬೇಸಗೆಯಲ್ಲಿ ಉಗಾರದಿಂದ ಅವ್ವ ಬಂದಳು. ಇಳಕಲ್ ಸೀರೆಯ ಮೇಲೆ ಇವರ ಸ್ವೆಟರ್ ಹಾಕಿಕೊಂಡು, ಕಾಲಿಗೆ ಮಾರ್ಗರೆಟ್ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲ ಹಾಕಿಕೊಂಡು ದೊಡ್ಡಮನೆ ನೋಡಲು ಹೊರಟಳು. ಮೇಲಿನ ಕೋಣೆಗಳಲ್ಲಿ ಒಂದೊಂದು ಮಂಚದ ಮುಂದೆಯೂ ನಿಂತಳು.

"ಇಷ್ಟು ಹಾಸಿಗಿ ಹಾಸ್ಯಾರ, ಮಲಗಾವ್ರು ಒಬ್ರೂ ಇಲ್ಲಲ್ಲ ಬೇ."

"ನೋಡಾಕ ಇಟ್ಟಾರಬೇ ಯವ್ವಾ."

"ನೋಡೂದಕ್ಕ ಇಷ್ಟು ಮಂದಿ ಬರ್ತಾರೇನು?"

ಅಡುಗೆಕೋಣೆಗೆ ಬಂದಾಗ ನಾನು ಬಿಲ್ಲೆ ಚುಚ್ಚಿಕೊಂಡು, ನೋಡಲು ಬಂದವರನ್ನು ತಡೆಯಲು ಕಟ್ಟಿದ ಹಗ್ಗದ ಆಚೆ ಹೋಗಿ ನನ್ನ ಜಾಗದಲ್ಲಿ ನಿಂತೆ. ಅವ್ವ ಪ್ರವಾಸಿಗರ ನಡುವೆ ನಿಂತಳು. ಅಂದು ನಾನು ಆ ಕೋಣೆಯ ಕತೆಯನ್ನು ಮೊದಲ ಸಲ ಕನ್ನಡದಲ್ಲಿ ಹೇಳಿದೆ. ಅವ್ವ ನಡುನಡುವೆ ಕೇಳುತ್ತಿದ್ದಳು: ರೊಟ್ಟಿ ಎಲ್ಲಿ ಬಡೀತಿದ್ರು, ಮಜ್ಜಿಗಿ ಎಲ್ಲಿ ಕಡೀತಿದ್ರು, ಇಷ್ಟು ತಾಮ್ರ ತಿಕ್ಕಾವ್ರು ಯಾರು. ಹಿಂದೆ ಬಂದ ಮಂದಿ ಹೋಗದೆ ನಿಂತರು. ಅವರಿಗೆ ಒಂದಕ್ಷರವೂ ತಿಳಿಯದಿದ್ದರೂ ನಾವು ನಕ್ಕಾಗ ನಗುತ್ತಿದ್ದರು. ಕೊನೆಗೆ ಒಬ್ಬ ಮುದುಕ ಟೋಪಿ ತೆಗೆದು ಅವ್ವನಿಗೆ ವಂದಿಸಿದ. ಅವ್ವ ಸೆರಗು ಸರಿಮಾಡಿಕೊಂಡು, "ಬರ್ರಿ, ಊಟಕ್ಕ ಬರ್ರಿ" ಎಂದಳು, ತನ್ನದೇ ಮನೆಯೆಂಬಂತೆ.

ಊಟ ನಿಜವಾಗಿಯೂ ಇತ್ತು. ಅವ್ವ ಊರಿಂದ ತಂದ ಹಿಟ್ಟಿನಲ್ಲಿ ಬೆಳಿಗ್ಗೆ ರೊಟ್ಟಿ ಬಡಿದಿದ್ದಳು. ತೋಟದ ಹುಲ್ಲಿನ ಮೇಲೆ ಕೂತು, ರೊಟ್ಟಿಗೆ ಬೆಣ್ಣೆಯನ್ನೂ ಹಿಂಡಿಯನ್ನೂ ಹಚ್ಚಿ ಅವ್ವ, ಮಾರ್ಗರೆಟ್, ನಾನು ಮೂವರೂ ತಿಂದೆವು. ಖಾರಕ್ಕೆ ಮಾರ್ಗರೆಟ್‌ಳ ಕಣ್ಣಲ್ಲಿ ನೀರು ಬಂತು. ಅವ್ವ ಅವಳ ಬೆನ್ನು ನೇವರಿಸಿ ಇನ್ನೊಂದು ರೊಟ್ಟಿ ಹಾಕಿದಳು. ಅವಳು ಅದನ್ನೂ ತಿಂದಳು.

ಹಿಂದಿರುಗುವಾಗ ಮಾರ್ಗರೆಟ್ ಕಾರು ನಡೆಸುತ್ತಿದ್ದಳು. ನಾನೂ ಅವ್ವನೂ ಹಿಂದೆ ಕೂತಿದ್ದೆವು. ಬಹಳ ಹೊತ್ತು ಹೊಲಗಳನ್ನು ನೋಡುತ್ತಿದ್ದ ಅವ್ವ ಕೇಳಿದಳು:

"ಒಲಿ ಮುಂದ ನಿಂತು ಮಾತಾಡೂವಾಗ ‘ನಮ್ಮಲ್ಲೆ ಥಂಡ್ಯಾಗ ಹಿಂಗ ಮಾಡ್ತಾರ’ ಅಂದಿ. ನಮ್ಮಲ್ಲೆ ಅಂದ್ರ ಎಲ್ಲೆ?"

ನನಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ಅವಳಿಗೆ ನೋವಾಯಿತೇನೋ ಎಂದು ಅವಳ ಮುಖ ನೋಡಿದೆ. ಬೇಜಾರಿನ ಗುರುತು ಕಾಣಲಿಲ್ಲ.

"ಹೆದರಬ್ಯಾಡ" ಎಂದಳು. "ನಾ ಕಾಗವಾಡದಾಕಿ. ಲಗ್ನಾಗಿ ಉಗಾರಕ್ಕ ಬಂದು ಎಷ್ಟೋ ವರ್ಷಾತು. ತವರಿಗೆ ಹ್ವಾದಾಗ ‘ನಮ್ಮಲ್ಲೆ ಹಿಂಗಿಲ್ಲ’ ಅಂತೀನಿ. ಉಗಾರಕ್ಕ ಬಂದ್ರ ಅಲ್ಲೂ ಹಂಗ ಅಂತೀನಿ. ನಿಮ್ಮಪ್ಪ ಇನ್ನೂ ನಗ್ತಾನ."

"ಅದು ಯಾವಾಗ ನಿಲ್ತೈತಿ ಯವ್ವಾ?"

"ನಂದಿನ್ನೂ ನಿಂತಿಲ್ಲ."

ಮುಂದಿನ ಸೀಟಿನಿಂದ ಮಾರ್ಗರೆಟ್, ನಿಮ್ಮವ್ವ ಏನು ಅಂದಳು ಎಂದು ಕೇಳಿದಳು. ‘ನಮ್ಮಲ್ಲೆ’ ಎಂಬುದನ್ನು ಇಂಗ್ಲಿಷಿಗೆ ಹೇಗೆ ತರುವುದೋ ಹೊಳೆಯಲಿಲ್ಲ. ನನ್ನ ಮನೆ ಎಲ್ಲಿ ಅಂತ ಕೇಳುತ್ತಿದ್ದಾಳೆ ಎಂದೆ. ದಾರಿಯ ಮೇಲೆ ಕಣ್ಣಿಟ್ಟಿದ್ದ ಮಾರ್ಗರೆಟ್ ಅದನ್ನು ದಾರಿಯ ಪ್ರಶ್ನೆ ಎಂದೇ ತಿಳಿದು, ಮುಂದಿನ ತಿರುವಿನಲ್ಲಿ ಎಡಕ್ಕೆ ಎಂದಳು.

"ಏನಂದ್ಲು?" ಎಂದಳು ಅವ್ವ.

"ಎಡಕ್ಕ ಹೊಳ್ಳಿದ್ರ ಬಂತು ಅಂದ್ಲು."

ಅವ್ವ ಮೈ ಕುಲುಕಿಸಿ ನಕ್ಕಳು. ನಾನೂ ನಕ್ಕೆ. ಏನೆಂದು ತಿಳಿಯದ ಮಾರ್ಗರೆಟ್‌ಳೂ ನಗುತ್ತಲೇ ಕಾರನ್ನು ಎಡಕ್ಕೆ ಹೊರಳಿಸಿದಳು. ಮುಂದಿನ ವಾರ ಅವ್ವನ ವಿಮಾನ. ನಾನು ಅವಳ ಕೈ ಹಿಡಿದುಕೊಂಡೆ. ಮನೆ ಬಂದು ಕಾರು ನಿಂತ ಮೇಲೂ ಇಬ್ಬರಿಗೂ ಇಳಿಯಲು ಮನಸ್ಸಾಗಲಿಲ್ಲ.