ಓಕ್ತೋವಿನಾಳ ಕಣ್ಣಿಗೆ ಬೀಳದ ಪೋಸ್ಟು

ಮಲೇಷ್ಯಾಕ್ಕೆ ಮನೆಗೆಲಸಕ್ಕೆಂದು ಹೋದ ಹುಡುಗಿಯರು ಹೆಣದ ಪೆಟ್ಟಿಗೆಯಲ್ಲಿ ಮರಳುವುದು ನಮ್ಮ ತಿಮೋರ್ ದ್ವೀಪದಲ್ಲಿ ಹೊಸದಲ್ಲ. ಪೆಟ್ಟಿಗೆ ಕುಪಾಂಗ್ ವಿಮಾನ ನಿಲ್ದಾಣದ ಸರಕು ಗೋದಾಮಿಗೆ ಬರುತ್ತದೆ. ನನ್ನ ಜೊತೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಓಕ್ತೋವಿನಾ ತನೆಯೊ ತನ್ನ ಚಿಕ್ಕಮ್ಮನನ್ನು ಹಾಗೆ ಬರಮಾಡಿಕೊಂಡವಳು. ಆಮೇಲೆ ಅವಳಿಗೆ ಬೇರೆ ಸಂಶೋಧನೆ ರುಚಿಸಲಿಲ್ಲ.

ಹೀಗೆ ಹುಡುಗಿಯರನ್ನು ಸಾಗಿಸುವ ದಲ್ಲಾಳಿಗಳು ಊರೂರು ಅಲೆಯುವುದನ್ನು ಬಿಟ್ಟು ಜಾಲತಾಣಕ್ಕೆ ಬಂದಿದ್ದರು. ‘ಪಾಸ್‌ಪೋರ್ಟ್ ನಾವೇ ಮಾಡಿಸ್ತೀವಿ, ವಯಸ್ಸು ಕೇಳಲ್ಲ’ ಎಂದು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದರು. ಆ ಜಾಲತಾಣದ ಕಂಪನಿ ಸಂಶೋಧಕರಿಗೆಂದು ಎಪಿಐ ಎಂಬ ಕಿಂಡಿಯೊಂದನ್ನು ತೆರೆದಿಟ್ಟಿತ್ತು. ಅದರ ಮೂಲಕ ಓಕ್ತೋವಿನಾಳ ಕಂಪ್ಯೂಟರು ಇಂಥ ಬಹಿರಂಗ ಪೋಸ್ಟುಗಳನ್ನು ತಾನೇ ಹೆಕ್ಕಿ ತರುತ್ತಿತ್ತು. ಬೇರೆ ಬೇರೆ ಹೆಸರುಗಳ ಕೆಳಗೆ ಒಂದೇ ಫೋನ್ ನಂಬರ್ ಕಂಡರೆ ಅವಳು ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಕ್ಲೆಮೆಂಟಿನಾಗೆ ತಿಳಿಸುವಳು. ಸಿಸ್ಟರ್ ಬಂದರಿಗೆ ಓಡಿ, ಆ ನಂಬರಿನ ದಲ್ಲಾಳಿ ಹಡಗು ಹತ್ತಿಸಲಿದ್ದ ಹುಡುಗಿಯರನ್ನು ಕರೆತರುವರು.

“ನೀನು ಕೂತಲ್ಲೇ ಮೀನು ಹಿಡೀತೀಯ, ಬುಟ್ಟಿ ಹೊತ್ತು ಸಾಯೋಳು ನಾನು,” ಎಂದು ಸಿಸ್ಟರ್ ರೇಗಿಸುತ್ತಿದ್ದರು.

ಒಂದು ದಿನ ಕಂಪನಿ ಆ ಕಿಂಡಿಯನ್ನು ಮುಚ್ಚಿ, ಹೊಸದಾಗಿ ಅರ್ಜಿ ಹಾಕಿ ಎಂದಿತು. ಹಾಕಿದಳು. ನಿಮ್ಮ ದೇಶದ ಸಂಶೋಧಕರಿಗೆ ಈ ಸೌಲಭ್ಯ ಸದ್ಯಕ್ಕಿಲ್ಲ ಎಂದು ಉತ್ತರ ಬಂತು.

“ನಾನೇನು ಯಾರದಾದ್ರೂ ಗುಟ್ಟು ಕೇಳಿದ್ನಾ? ಊರಿಗೆಲ್ಲಾ ಕಾಣೋದನ್ನೇ ತಾನೇ ಕೇಳಿದ್ದು,” ಎಂದಳು ನನ್ನೊಡನೆ.

ಪಾಠ ಮುಗಿಸಿ ಬಂದು ಫೋನಿನಲ್ಲಿ ಒಂದೊಂದೇ ಪೋಸ್ಟು ಹುಡುಕುತ್ತ ಕೂರುವಳು. ಜಾಲತಾಣ ಅವಳಿಗೆ ಸೋಪು, ಚಪ್ಪಲಿ, ಯಾರದೋ ಮದುವೆ ತೋರಿಸುತ್ತಿತ್ತು. ಕೆಲಸ ಹುಡುಕುವ ಹಳ್ಳಿ ಹುಡುಗಿಯರಿಗೆ ತೋರಿಸುವುದನ್ನು ಕಾಲೇಜಿನ ಟೀಚರಿಗೆ ಯಾಕೆ ತೋರಿಸೀತು?

ಆ ದಿನಗಳಲ್ಲೇ ನಿಕಿನಿಕಿ ಊರಿನ ಅದೆಲ್ಫಿನಾ ಬಾನುನಾಯೆಕ್ ಮಲೇಷ್ಯಾಕ್ಕೆ ಹೋದಳು. ಮರುವರ್ಷ ಅವಳ ಪೆಟ್ಟಿಗೆ ಬಂತು. ಸಿಸ್ಟರ್ ಕರೆದರೆಂದು ನಾವಿಬ್ಬರೂ ಗೋದಾಮಿಗೆ ಹೋದೆವು. ಅದೆಲ್ಫಿನಾಳ ತಾಯಿ ತಾನೇ ನೇಯ್ದ ಬಟ್ಟೆಯನ್ನು ಪೆಟ್ಟಿಗೆಯ ಮೇಲೆ ಹೊದಿಸಿ, ಸಂಚಿಯಿಂದ ಎಲೆ ಅಡಿಕೆ ತೆಗೆದು ನಮಗೂ ಕೊಟ್ಟಳು. ಆಮೇಲೆ ಮಗಳ ಫೋನನ್ನು ಓಕ್ತೋವಿನಾಳ ಕೈಗಿತ್ತಳು. ಅದರಲ್ಲಿ ಅವಳನ್ನು ಕರೆದೊಯ್ದ ದಲ್ಲಾಳಿಯ ಪೋಸ್ಟು ಇತ್ತು. ಕೆಳಗಿದ್ದ ನಂಬರನ್ನು ಓಕ್ತೋವಿನಾ ಹಿಂದೆಯೇ ಎಷ್ಟೋ ಸಲ ಕಂಡಿದ್ದಳು.

“ಇಂಥದ್ದನ್ನ ಹುಡುಕೋ ಟೀಚರಮ್ಮ ನೀವೇ ಅಂತೆ,” ಎಂದಳು ತಾಯಿ. “ಇದು ನಮ್ಮೂರ ಹುಡುಗೀರಿಗೆಲ್ಲಾ ಕಾಣ್ತಿತ್ತಂತೆ. ನಿಮಗ್ಯಾಕೆ ಕಾಣ್ಲಿಲ್ಲ?”

“ಮೊದಲು ಕಾಣ್ತಿತ್ತಮ್ಮ. ಆಮೇಲೆ ಕಾಣದ ಹಾಗೆ ಮಾಡಿದ್ರು.”

“ಯಾರು?”

ಓಕ್ತೋವಿನಾ ಕಂಪನಿಯ ಹೆಸರು ಹೇಳಿದಳು. ತಾಯಿ ಮಗಳ ಫೋನನ್ನು ಹಿಂದಕ್ಕೆ ತೆಗೆದುಕೊಂಡು ಸಂಚಿಗೆ ಹಾಕಿದಳು. ಪೆಟ್ಟಿಗೆ ಹೇರಿದ ಲಾರಿ ಹೊರಡುವಾಗ, “ಹತ್ತಿ, ಮಣ್ಣಿಗೆ ಬನ್ನಿ,” ಎಂದಳು. ಓಕ್ತೋವಿನಾ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಬೆಟ್ಟದ ಮೇಲಿನ ನಿಕಿನಿಕಿಗೆ ಹೋದಳು.

ಈಗಲೂ ಅವಳು ಅರ್ಜಿ ಹಾಕುತ್ತಲೇ ಇದ್ದಾಳೆ. ಭಾನುವಾರ ಹಳ್ಳಿಯ ಚರ್ಚುಗಳಲ್ಲಿ, ಪ್ರಾರ್ಥನೆ ಮುಗಿದ ಮೇಲೆ, ಗೊತ್ತಿರುವ ಮೋಸದ ನಂಬರುಗಳನ್ನು ಗಟ್ಟಿಯಾಗಿ ಓದುತ್ತಾಳೆ. ದಲ್ಲಾಳಿಗಳು ನಂಬರು ಬದಲಿಸುತ್ತಾರೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ಓದಿ ಮುಗಿಸಿ ಹೊರಬಂದಾಗ ಒಬ್ಬ ಹುಡುಗಿ ಹಿಂದೆಯೇ ಬಂದಳು.

“ಅಕ್ಕಾ, ಅವೆಲ್ಲ ಬೇಡ ಅಂದ್ರಿ, ಸರಿ. ನಿಜವಾಗ್ಲೂ ಕೆಲಸ ಕೊಡೋರ ನಂಬರ್ ಯಾವ್ದಾದ್ರೂ ಇದ್ಯಾ?”

ಓಕ್ತೋವಿನಾಳ ಬಳಿ ಅಂಥ ನಂಬರು ಇರಲಿಲ್ಲ.